ದಂಡೆ ಕೆಡವುವ ಕಾಕಾ

ನಮ್ಮ ಕಾಕಾ ದಿನಕ್ಕೊಮ್ಮೆಯಾದರೂ ಕೃಷ್ಣೆಯ ದಂಡೆಯನ್ನು ಕೆಡವುತ್ತಾರೆ. ಪೊಲೀಸರು ಯಾಕೆ ಹಿಡಿಯುವುದಿಲ್ಲ ಎನ್ನುತ್ತೀರಾ? ಕೆಡವುವುದು ಮಿರಜದ ಮನೆಯ ಮಹಡಿಯಲ್ಲಿ, ಕಂಪ್ಯೂಟರಿನೊಳಗೆ! ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳಿ ನಿವೃತ್ತರಾದವರು. ಮಣ್ಣೆಂದರೆ ಅವರಿಗೆ ಪರದೆಯ ಮೇಲಿನ ಲಕ್ಷಾಂತರ ದುಂಡು ಕಣಗಳು. ಕಣಕ್ಕೂ ಕಣಕ್ಕೂ ಇಷ್ಟಿಷ್ಟು ಅಂಟು ಕೊಟ್ಟು, ಮೇಲೆ ಮಳೆ ಸುರಿಸಿ, ಬಿರುಕು ಎಲ್ಲಿಂದ ಶುರುವಾಗುತ್ತದೆಂದು ಕಾಯುತ್ತ ಕೂರುತ್ತಾರೆ.

ಕವಲಾಪುರದ ಮದುವೆಯೊಂದರಲ್ಲಿ ಬೂಂದಿ ಲಾಡು ಬಂತು. ಎಲ್ಲರೂ ತಿಂದರು, ಕಾಕಾ ಒತ್ತಿದರು. ಬೂಂದಿಯೇ ಕಣ, ಪಾಕವೇ ಅಂಟು! “ಇದು ನಿಲ್ಲೂದಿಲ್ಲ,” ಎಂದು ತೀರ್ಪು ಕೊಟ್ಟರು. ಅಡಿಗೆಯವನು ಬೂಂದಿ ಕರಿಯುವ ಝಾರಾ ಹಿಡಿದೇ ಬಂದ: “ನಿಲ್ಲಾಕ ಇದೇನ ಗ್ವಾಡಿ ಏನ್ರಿ ಸಾಹೇಬ್ರ? ತಿನ್ನಾಕ ಮಾಡೇನಿ!”

(ಕಾಕಾ ಅವರ ಹೆಂಡತಿ, ನಮ್ಮ ಕಾಕೂ ಪ್ರಕಾರ ಅದು ಲಾಡಲ್ಲ, ರವೆ ಉಂಡೆ. ಇರಬಹುದು. ಕಥೆಗೆ ಲಾಡು ಇಷ್ಟು ಚೆನ್ನಾಗಿ ಒಪ್ಪುವುದನ್ನು ನೋಡಿದರೆ ನನಗೂ ಅನುಮಾನ. ನೆನಪು ತನಗೆ ಬೇಕಾದ್ದನ್ನು ಎಲ್ಲಿಂದಲೋ ಉರುಳಿಸಿ ತರುತ್ತದೆ.)

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕಾಕೂ ಕೆಳಗಿನಿಂದ ಕೂಗುತ್ತಾರೆ: “ಸೂರ್ಯ ಹೊಂಟಾನ್ರೀ!” ಮೇಲಿನಿಂದ ಉತ್ತರ: “ತಡಿ, ಬಿರಕ ಬಿಡಾಕತ್ತೈತಿ!” ದಂಡೆ ಬೀಳುವಷ್ಟರಲ್ಲಿ ಸೂರ್ಯನೂ ಬಿದ್ದಿರುತ್ತಾನೆ. ಕಾಕಾ ಉಪವಾಸ!

ಕಾಕೂ ಅವರ ಚಿಂತೆ ಬೇರೆ. ಮಣ್ಣಿಗೂ ಜೀವವಿದೆಯೆಂದು ನಂಬಿದವರು, ನೆಲ ಅಗೆದು ತೆಗೆದ ಗಜ್ಜರಿಯನ್ನೂ ಮುಟ್ಟದವರು.

“ಅದರಾಗಿನ ಮಣ್ಣ ಒಡದ್ರ ಪಾಪ ಹತ್ತೂದಿಲ್ಲೇನ್ರಿ?”

“ಅದು ಬರೇ ಲೆಕ್ಕ!”

“ಬರೇ ಲೆಕ್ಕಿದ್ರ ನನ್ನ ಹೆದರಸೂದ್ಯಾಕ?”

ಹೆದರಿಕೆಯ ಮೂಲ ಸಾಂಗ್ಲಿವಾಡಿಯಲ್ಲಿತ್ತು. ಅಲ್ಲಿ ತವರಿನ ಹೊಲದ ಅಂಚಿನಲ್ಲಿ, ಹೊಳೆದಂಡೆಯ ನೆತ್ತಿಯ ಮೇಲೆ, ಕಾಕೂ ಅವರ ಅಪ್ಪ ಕಟ್ಟಿಸಿದ ಕಲ್ಲಿನ ಕಟ್ಟೆ. ವಾರಕ್ಕೊಮ್ಮೆ ಅಲ್ಲಿ ಹೋಗಿ ಕೂರದಿದ್ದರೆ ಕಾಕೂಗೆ ಸಮಾಧಾನವಿಲ್ಲ. ಕಾಕಾ ದಿನಾ ಕೆಡವುವುದು ಅದೊಂದೇ ದಂಡೆಯನ್ನು.

“ಅಲ್ಲಿ ಕುಂದ್ರಬ್ಯಾಡ. ಬೀಳ್ತೈತಿ.”

“ಆ ಉಂಡೀನೂ ನಿಲ್ಲೂದಿಲ್ಲ ಅಂದಿದ್ರಿ. ಮಂದಿ ತಿಂದ ತೇಗಿದ್ರು!”

ಪರ್ಯೂಷಣ ಪರ್ವ ಮುಗಿದು, ವರ್ಷದ ತಪ್ಪುಗಳಿಗೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ ಬಂತು. ನಾನು ಮಹಡಿಗೆ ಹೋದಾಗ ಪರದೆಯ ಮೇಲಿನ ದಂಡೆ ಮುಕ್ಕಾಲು ಕುಸಿದು ಹೊಳೆ ಸೇರಿತ್ತು. ಆದರೆ ಕಟ್ಟೆ? ಕೆಳಗೆ ಹಿಡಿ ಮಣ್ಣಿಲ್ಲದೆ ಗಾಳಿಯಲ್ಲಿ ನಿಂತಿತ್ತು!

“ಕಾಕಾ, ಇದು ಕಾಪಿ ಹೊಡದಂಗ ಆತಲ್ರಿ!” ಎಂದು ನಕ್ಕೆ. ಕಾಕಾ ನಗಲಿಲ್ಲ. ನನ್ನ ಹಿಂದೆಯೇ ಕಾಕೂ ಬಂದು ನಿಂತಿದ್ದರು.

“ಕ್ಷಮಾ ಮಾಡ,” ಎಂದರು ಕಾಕಾ, ಪರದೆಯಿಂದ ಕಣ್ಣು ತೆಗೆಯದೆ. “ಎಷ್ಟ ಅಂಟ ಹಾಕಿದ್ರೂ ದಂಡಿ ಉಳೀವಲ್ದು.”

“ಕಟ್ಟಿ ನಿಂತೈತಲ್ರಿ?”

“ಅಲ್ಲಿ ನೀ ಕುಂತಿರ್ತಿ. ಅದನ್ನ ಕೆಡವಾಕ ಕೈ ಬರಲಿಲ್ಲ.”

ಕಾಕೂ ಮುಂದೆ ಬಂದು ಪರದೆಯ ಮೇಲಿನ ಆ ಕಟ್ಟೆಯನ್ನು ಬೆರಳಿನಿಂದ ಮುಟ್ಟಿದರು.

“ಆತ್ರಿ. ಇನ್ನ ಅಲ್ಲಿ ಕುಂದ್ರೂದಿಲ್ಲ. ಏಳ್ರಿ ಊಟಕ್ಕ, ಸೂರ್ಯ ಹೊಂಟಾನ.”

ಪರದೆಯ ಮೇಲೆ ಉಳಿದ ದಂಡೆಗೆ ಹೊಸದೊಂದು ಬಿರುಕು ಬೀಳುತ್ತಿತ್ತು. ಕಾಕಾ ಎದ್ದು ಅವರ ಹಿಂದೆ ಮೆಟ್ಟಿಲಿಳಿದರು.