ತೊರೆಸಾಲಿನ ಶ್ರೀಕರ್ಣಯಂತ್ರ

ಬಹಳ ಹಿಂದೆ, ಟವರ್ ಎದ್ದರೂ ಸಿಗ್ನಲ್ ಸರಿಯಾಗಿ ಇಳಿಯದ ಕಾಲದಲ್ಲಿ, ಸಮ್ಮತಿಪುರವೆಂಬ ರಾಜ್ಯವೊಂದಿತ್ತು. ಅದನ್ನಾಳುತ್ತಿದ್ದ ಶ್ರವಣಪ್ರತಾಪ ಮಹಾರಾಜನಿಗೆ ಪ್ರಜೆಗಳ ಅಹವಾಲು ಕೇಳುವುದೆಂದರೆ ಪ್ರಾಣ. ಪ್ರಜೆಗಳನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ.

"ಮಹಾಪ್ರಭು, ತಮ್ಮ ಶ್ರೀಕರ್ಣಗಳನ್ನು ಔಟ್‌ಸೋರ್ಸ್ ಮಾಡಿಬಿಡೋಣ," ಎಂದ ಮಾಹಿತಿ ತಂತ್ರಜ್ಞಾನ ಮಂತ್ರಿ ಯಂತ್ರಕೇತು. "ಊರೂರಿನ ಕಟ್ಟೆಗೊಂದು ಯಂತ್ರ. ಅದು ಹೇಳುತ್ತದೆ, ಜನ ಹೂಂ ಎನ್ನುತ್ತಾರೆ. ಅಲ್ಲಿಗೆ ಸಮುದಾಯ ಸಬಲೀಕರಣವಾಯಿತು."

"ಹೂಂ ಎನ್ನದಿದ್ದರೆ?"

"ತಮ್ಮ ರಾಜ್ಯದಲ್ಲಿಯೇ, ಪ್ರಭು?"

ಆಸ್ಥಾನ ನಕ್ಕಿತು, ನಗಬೇಕಾದಷ್ಟು.

ರಾಜ್ಯದ ಕೊನೆಯ ಊರು ತೊರೆಸಾಲು. ಅಲ್ಲಿ ದ್ಯಾವೀರಮ್ಮನೆಂಬ ಹೆಂಗಸಿದ್ದಳು. ಸಂಜೆ ಗುಡಿಯಲ್ಲಿ ಪುರಾಣ ಓದುವವರಿಗೆ ಅವಳ ಹೂಂ ಬೇಕೇ ಬೇಕು. ಪದ್ಯದ ಉಸಿರು ನಿಲ್ಲುವಲ್ಲಿ ಅವಳು ಹೂಂಗುಟ್ಟದಿದ್ದರೆ ಓದುವವನಿಗೆ ಮುಂದಿನ ಸಾಲೇ ಬಾಯಿಗೆ ಬಾರದು. ಹೂಂ ಎಂದರೆ ಒಪ್ಪಿದೆ ಎಂದಲ್ಲ, ಕೇಳುತ್ತಿದ್ದೇನೆ ಎಂದು. ರಾಕ್ಷಸರ ಮಾತಿಗೂ ಅವಳು ಭಕ್ತಿಯಿಂದಲೇ ಹೂಂ ಎಂದವಳು.

ಊರಿನವರು ಮೊದಲೇ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಹೊಳೆ ಏರಿದರೆ ಎರಡು ದಡಕ್ಕೂ ಸುದ್ದಿ ಮುಟ್ಟುತ್ತಿತ್ತು. ಯಾರಿಗಾದರೂ ಕಷ್ಟವೆಂದರೆ ಹಗ್ಗ ಹಿಡಿಯಲು ಜನ ಓಡಿಬರುತ್ತಿದ್ದರು. ಊರಕಟ್ಟೆಗೆ ಯಂತ್ರ ಬಂದ ದಿನವೇ ಆ ಗುಂಪು ರದ್ದಾಯಿತು. ಗುಂಪು ಸೇರುವುದು ಕಾನೂನುಬಾಹಿರವಷ್ಟೆ!

ದ್ಯಾವೀರಮ್ಮನ ಸೊಸೆ ಚೆಲುವಿಗೆ ದಿನ ತುಂಬಿತ್ತು. ಆಸ್ಪತ್ರೆ ಆಚೆ ದಡದಲ್ಲಿ. ನಡುವೆ ಇದ್ದದ್ದು ಅಲುಗಾಡುವ ಮರದ ಕಾಲುಸೇತುವೆ. ಅದನ್ನು ರಿಪೇರಿ ಮಾಡಿಸಿಕೊಡಿ ಎಂದು ಕೇಳಲು ಅತ್ತೆ, ಸೊಸೆ, ಊರವರೆಲ್ಲ ಕಟ್ಟೆಯ ಬಳಿ ನೆರೆದರು.

ಯಂತ್ರ ರಾಗವಾಗಿ ಆರಂಭಿಸಿತು. "ಸ್ವಸ್ತಿ ಶ್ರೀ ಸಕಲಪ್ರಜಾಮನೋರಂಜಕ ಮಹಾರಾಜರು ನಿಮ್ಮ ಸೇತುವೆಯ ಶಿಥಿಲಾವಸ್ಥೆಯನ್ನು ಕೇಳಿ ನೊಂದಿದ್ದಾರೆ..."

"ಹೂಂ," ಎಂದಳು ದ್ಯಾವೀರಮ್ಮ, ಕೈಮುಗಿದು. ಯಂತ್ರದ ಹಸಿರು ದೀಪ ಹೊತ್ತಿತು.

"ಅಪಾಯಕರವಾದ ಆ ಸೇತುವೆಯನ್ನು ಕೀಳಿಸುವುದು..."

"ಹೂಂ."

"ಅದರ ಸ್ಥಾನದಲ್ಲಿ ಆನ್‌ಲೈನ್ ಸೇತುವೆಯನ್ನು ದಯಪಾಲಿಸುವುದು..."

"ಹೂಂ... ಅಯ್ಯೋ, ಏನಂತು ಅದು?"

"ಸುಮ್ಕಿರಿ ಅತ್ತೆಮ್ಮ! ನಿಮ್ ಹೂಂನೆಲ್ಲ ಒಪ್ಗೆ ಅಂತ ಬರ್ಕೊತಾ ಅದೆ!" ಚೆಲುವಿ ಅತ್ತೆಯ ಸೆರಗು ಜಗ್ಗಿದಳು.

"ಊಹೂಂ! ಊಹೂಂ ಕಣಪ್ಪ! ಕೀಳ್ಬ್ಯಾಡಿ!"

ಹಸಿರು ದೀಪ ಮತ್ತೆರಡು ಸಲ ಹೊತ್ತಿತು. ಯಂತ್ರಕ್ಕೆ ಆಸ್ಥಾನದ ಎಂಜಿನಿಯರುಗಳು ಹೂಂ ಒಂದನ್ನೇ ಕಲಿಸಿದ್ದರು. ಅದರ ಹಿಂದಿನ ಊ ಅದಕ್ಕೆ ಬರೀ ಗದ್ದಲ. ಇಡೀ ಊರು ಊಹೂಂ ಎಂದು ಕಿರುಚಿತು. ದೀಪ ಆರಲೇ ಇಲ್ಲ.

"ತಲೆನಾದ್ರೂ ಅಲ್ಲಾಡ್ಸಿ ತೋರ್ಸನ ಕಣವ್ವ," ಎಂದ ಮುದುಕ ಕೆಂಗಯ್ಯ.

"ಅದ್ಕೆ ಕಣ್ಣೆಲ್ಲೈತಣ್ಣ? ಇರೋದೊಂದು ಕಿವಿ. ಅದೂ ಅರ್ಧ!" ಎಂದಳು ದ್ಯಾವೀರಮ್ಮ.

ಇತ್ತ ಆಸ್ಥಾನದಲ್ಲಿ ಯಂತ್ರಕೇತು ಗ್ರಾಫ್ ಬಿಡಿಸಿ ತೋರಿಸಿದ. ತೊರೆಸಾಲಿನ ಸಮ್ಮತಿ ನೂರಕ್ಕೆ ನಾನೂರು! ಮಹಾರಾಜ ಆನಂದಬಾಷ್ಪ ಸುರಿಸಿ, ಊರಿಗೆ 'ಸಬಲ ಸಮುದಾಯ' ಪ್ರಶಸ್ತಿಯನ್ನು ಘೋಷಿಸಿದ. ತನ್ನ ಕಿರೀಟವನ್ನೇ ತೆಗೆದು ಆಸ್ಥಾನದಲ್ಲಿದ್ದ ಮಾದರಿ ಯಂತ್ರದ ನೆತ್ತಿಗೆ ತೊಡಿಸಿದ. ಅದು ಅಳತೆ ಮಾಡಿಸಿದಂತೆ ಕೂತಿತು.

ಆಳುಗಳು ಕೂಡಲೇ ಬಂದು ಸೇತುವೆ ಕಿತ್ತುಹಾಕಿದರು. ಮಾರನೆಯ ದಿನ ಚೆಲುವಿಗೆ ನೋವು ಬಂತು. ಸುದ್ದಿ ಮುಟ್ಟಿಸಲು ಗುಂಪಿಲ್ಲ. ದ್ಯಾವೀರಮ್ಮ ಮನೆಮನೆಯ ಬಾಗಿಲು ಬಡಿದು ನಾಲ್ವರನ್ನು ಕೂಡಿಸಿದಳು. ಅವರು ಸೊಸೆಯನ್ನು ಮಂಚದ ಮೇಲೆ ಹೊತ್ತು ಎದೆಮಟ್ಟದ ನೀರಿಗಿಳಿದರು. ದ್ಯಾವೀರಮ್ಮ ಜೊತೆಗೇ ನಡೆದಳು. ಒಂದು ಕೈ ಮಂಚಕ್ಕೆ, ಇನ್ನೊಂದರಲ್ಲಿ ನೆನೆಯದಂತೆ ಮೇಲೆತ್ತಿದ ಫೋನು. ಅದಿಲ್ಲದೆ ಹೊಳೆಗಿಳಿದರೆ ದಂಡ.

"ನೀವೀಗ ಆನ್‌ಲೈನ್ ಸೇತುವೆಯ ಮೇಲಿದ್ದೀರಿ," ಎಂದಿತು ಫೋನು ರಾಗವಾಗಿ. "ಆರು ಪ್ರಯಾಣಿಕರ ಸುಂಕ ಕಡಿತವಾಗಿದೆ."

ದ್ಯಾವೀರಮ್ಮ ಹೂಂ ಎಂದುಬಿಡದಂತೆ ತುಟಿ ಕಚ್ಚಿಕೊಂಡಳು.

ನಡುಹೊಳೆಯಲ್ಲೇ ಹುಟ್ಟಿದ ಕೂಸು ಬಾಯಿಬಿಟ್ಟು ಅತ್ತಿತು.

"ಏಳು ಪ್ರಯಾಣಿಕರು," ಎಂದಿತು ಫೋನು.