ಗುಣಮುಖವಾದ ಎಲೆ

ಕೈತೋಟದ ಟೊಮೆಟೊ ಗಿಡಕ್ಕೆ ರೋಗ ತಗುಲಿದಲ್ಲಿ, ತೋಟಗಾರಿಕೆ ಕಚೇರಿಯ ಅಪ್ಪಣೆಯಿಲ್ಲದೆ ಒಂದೆಲೆಯನ್ನೂ ಕೀಳತಕ್ಕದ್ದಲ್ಲ. ಇದು ನಿಯಮ ಹದಿನಾಲ್ಕು. ಗಿಡಗಳೂ ಇದನ್ನು ಪಾಲಿಸುತ್ತವೆ.

ದರ್ಜಿಗೆ ಮಾತ್ರ ಗೊತ್ತಿರಲಿಲ್ಲ. "ಭಾನುವಾರ ಬನ್ನಿ ಮಾವ, ಬುಟ್ಟಿ ತುಂಬ ಹಣ್ಣು ಕೊಡದಿದ್ರೆ ಕತ್ತರಿ ಕೆಳಗಿಡ್ತೀನಿ" ಎಂದು ಹೆಣ್ಣು ಕೊಟ್ಟ ಮಾವನೆದುರು ಮೀಸೆ ತಿರುವಿ ಬಂದಿದ್ದ. ತಾರಸಿಯಲ್ಲಿ ಆರು ಕುಂಡ, ಆರರಲ್ಲೂ ಕಾಯಿ. ಒಂದರ ಬುಡದೆಲೆಗಳಲ್ಲಿ ಕಂದು ಚುಕ್ಕೆ: ಎಲೆ ನೆನೆದರೆ ಹಬ್ಬುವ ಅಂಗಮಾರಿ ಬೂಷ್ಟು. ಚುಕ್ಕೆಯೆಲೆ ಕಿತ್ತೆಸೆದು, ಎಲೆ ನೆನೆಯದಂತೆ ಬುಡಕ್ಕಷ್ಟೇ ನೀರು ಹಾಕಿದ್ದರೆ ಮುಗಿಯುತ್ತಿತ್ತು. ಅವನು ಒಂದೆಲೆ ಹಿಡಿದು ಮದ್ದಿಗಾಗಿ ಕಚೇರಿಗೆ ಹೋದ.

"ಕಿತ್ತೇಬಿಟ್ರಾ?" ಗುಮಾಸ್ತ ಎಲೆಯನ್ನು ಪಿನ್ನಿನಿಂದ ಕಡತಕ್ಕೆ ಚುಚ್ಚಿದ. "ಉಳಿದದ್ದು ಸಾಕ್ಷಿ, ಮುಟ್ಟಬೇಡಿ."

ಎಡಗಡೆ ರೋಗ ತಡೆಯುವ ವಿಭಾಗ. "ನಿಮಗೆ ಬಂದಾಗಿದೆಯಲ್ಲ" ಎಂದರು. ಬಲಗಡೆ ವಾಸಿ ಮಾಡುವ ವಿಭಾಗ. "ಒಂದೇ ಗಿಡವಾ? ಮೂರಾಗಲಿ, ಬನ್ನಿ."

"ಅಷ್ಟರಲ್ಲಿ ಎಲ್ಲಾ ಹೋಗುತ್ತಲ್ಲ ಸಾರ್!"

"ಹೋದ್ರೆ ಅರ್ಜಿ ಇನ್ನೂ ಗಟ್ಟಿಯಾಗುತ್ತೆ."

ಗುರುವಾರ ಮೂರನೆಯದಕ್ಕೂ ಚುಕ್ಕೆ ಬಂತು. ದರ್ಜಿ ಹಿಗ್ಗಿ ಓಡಿದ. ಅಷ್ಟರಲ್ಲಿ ಎಲೆಯ ಬೂಷ್ಟು ಕಡತಕ್ಕೆ ಹಬ್ಬಿ, ಕಚೇರಿ ತುರ್ತು ಕ್ರಮ ಕೈಗೊಂಡಿತ್ತು. ಬೂಷ್ಟಿನ ಮದ್ದಾದ ಮೈಲುತುತ್ತವನ್ನು ಇದ್ದಬದ್ದಷ್ಟೂ ಕರಗಿಸಿ ಕಡತಗಳಿಗೆ ಸಿಂಪಡಿಸಿ, ಫ್ಯಾನಿನಡಿ ಒಣಗಿಸಿದ್ದರು.

"ಅಭಿನಂದನೆ" ಎಂದರು ಅಧಿಕಾರಿ. "ನಿಮ್ಮ ಎಲೆ ಗುಣಮುಖವಾಗಿದೆ."

"ಗಿಡಗಳು ಸಾರ್?"

"ಅವು ಖುದ್ದು ಹಾಜರಾಗಿಲ್ಲ." ಎಲೆಯ ಪ್ರಮಾಣಪತ್ರಕ್ಕೆ ಮೊಹರು ಬಿತ್ತು.

ಭಾನುವಾರ ಮಾವ ಏದುಸಿರು ಬಿಡುತ್ತ ತಾರಸಿ ಹತ್ತಿದರು. ಆರು ಕುಂಡ, ಆರು ಕರಿಕಡ್ಡಿ.

"ಬುಟ್ಟಿ ಎಲ್ಲಿ ಅಳಿಯಂದ್ರೇ? ಇಲ್ಲಾ ಕತ್ತರಿ ನಾನೇ ಒಯ್ಯಲಾ?"

ದರ್ಜಿ ಬುಟ್ಟಿ ಮುಂದಿಟ್ಟ. ಒಳಗೆ ಪ್ರಮಾಣಪತ್ರವೊಂದೇ ಇತ್ತು. ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು. ಮೊಹರನ್ನು ಬೆರಳಿನಿಂದ ಸವರಿದರು.

"ಹಣ್ಣು ಯಾವನು ಬೇಕಾದ್ರೂ ಬೆಳೀತಾನೆ ಬಿಡಿ" ಎಂದರು ಕೊನೆಗೆ. "ನಮ್ಮ ವಂಶದಲ್ಲಿ ಯಾರ ಗಿಡಕ್ಕೂ ಮೊಹರು ಬಿದ್ದಿರಲಿಲ್ಲ."

ಮನೆಗೆ ಹೋದವರೇ ಹಿತ್ತಿಲಲ್ಲಿ ನಳನಳಿಸುತ್ತಿದ್ದ ತಮ್ಮ ಟೊಮೆಟೊ ಗಿಡಗಳ ಎಲೆಗಳ ಮೇಲೆ ಕೊಡಗಟ್ಟಲೆ ನೀರು ಹೊಯ್ಯತೊಡಗಿದರು.