ನಿಗಡಿಗೆ ಇಪ್ಪತ್ತೊಂದು ಕಿಲೋಮೀಟರ್

ಪುಣೆಯ ಬಿಬವೇವಾಡಿಯ ಈರಬಸಪ್ಪನವರು ಒಂದು ಹಳೆಯ ಫಿಯಾಟ್ ಕಾರು ಕೊಂಡರು. ಎಲ್ಲ ತೊಂದರೆಗೂ ಆ ಕಾರೇ ಮೂಲವೆಂದು ಅವರ ಧರ್ಮಪತ್ನಿ ಬಸವಣ್ಣೆವ್ವ ಇಂದಿಗೂ ಹೇಳುತ್ತಾರೆ. ಮೂಲ ಕಾರಲ್ಲ, ಕಾಗದ ಎಂದು ನೆರೆಹೊರೆಯವರು ಹೇಳುತ್ತಾರೆ. ನೆರೆಹೊರೆಯವರು ತಮ್ಮ ಹೆಸರನ್ನು ಮಾತ್ರ ಈ ಪಟ್ಟಿಯಲ್ಲಿ ಸೇರಿಸುವುದಿಲ್ಲ.

ಈರಬಸಪ್ಪನವರು ಮಾರ್ಕೆಟ್ ಯಾರ್ಡಿನ ಒಂದು ಲಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹೆಡ್ ಕ್ಲಾರ್ಕರು. ಹುಬ್ಬಳ್ಳಿ, ವಿಜಾಪುರಗಳ ಕಡೆಗೆ ಹೊರಡುವ ಲಾರಿಗಳಿಗೆ ಮಾರ್ಗ, ವೇಳೆ, ಖರ್ಚುಗಳ ಪಟ್ಟಿಯನ್ನು ಕಾರ್ಬನ್ ಹಾಳೆಯಿಟ್ಟು ಮೂರು ಪ್ರತಿಗಳಲ್ಲಿ ಬರೆದುಕೊಡುವುದು ಅವರ ಕೆಲಸ. ಡ್ರೈವರುಗಳು ಆ ಪಟ್ಟಿಯನ್ನು ಓದುವುದಿಲ್ಲ, ಮೊದಲ ಚಹಾದಂಗಡಿಯಲ್ಲಿ ಭಜಿ ಸುತ್ತಿಕೊಳ್ಳಲು ಬಳಸುತ್ತಾರೆ ಎಂಬ ಸಂಗತಿ ಅವರೊಬ್ಬರ ಹೊರತು ಇಡೀ ಯಾರ್ಡಿಗೆ ತಿಳಿದಿತ್ತು. ಇಂಥವರು ಐವತ್ತೆರಡನೆಯ ವಯಸ್ಸಿನಲ್ಲಿ ಸ್ಟಿಯರಿಂಗ್ ಹಿಡಿಯಲು ಕಲಿತದ್ದು ಒಬ್ಬಳೇ ಮಗಳು ಸ್ನೇಹಲ್‌ಳಿಗಾಗಿ.

ಮಗಳನ್ನು ದೂರ ಕೊಡಬಾರದೆಂಬುದು ಗಂಡಹೆಂಡಿರಿಬ್ಬರ ಒಮ್ಮತದ ಏಕೈಕ ಅಭಿಪ್ರಾಯ. ಅವಳು ಮುಂಜಾನೆ ಫೋನು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಇವರು ಅಲ್ಲಿರಬೇಕು. ಅದಕ್ಕಾಗಿ ಸೊಲ್ಲಾಪುರದ ಡಾಕ್ಟರನನ್ನೂ ಕಲಬುರ್ಗಿಯ ಇಂಜಿನಿಯರನನ್ನೂ ಹಿಂದಕ್ಕೆ ಕಳಿಸಿಯಾಗಿತ್ತು. ಕೊನೆಗೆ ಪುಣೆಯ ಆಚೆಯ ಅಂಚಿನ ನಿಗಡಿಯ ಸಂಬಂಧ ಕೂಡಿಬಂದಿತು. ಹುಡುಗ ಕಿಶೋರ, ತಳೇಗಾವಿಯ ಬ್ಯಾಂಕೊಂದರಲ್ಲಿ ಗುಮಾಸ್ತ. ತಂದೆ ಧರ್ಮಣ್ಣನವರು ಗೋಕಾಕದ ಕಡೆಯ ಮಿಲ್ಲಿನ ಕೆಲಸದಿಂದ ನಿವೃತ್ತರಾಗಿ, ಆರು ತಿಂಗಳ ಹಿಂದಷ್ಟೇ ಮಕ್ಕಳ ಮನೆಗೆ ಬಂದು ನೆಲೆಸಿದ್ದರು. ಪುಣೆ ನಗರವನ್ನು ಇನ್ನೂ ಕಂಡಿರಲಿಲ್ಲ. ಬೆಳಗಾವಿಯ ಮದುವೆಯೊಂದರಲ್ಲಿ ಅವರು ಹುಡುಗಿಯನ್ನು ನೋಡಿದ್ದರು. ಇನ್ನು ಇವರು ಹೋಗಿ ಹುಡುಗನ ಮನೆ ನೋಡಿ, ಮಾತು ಗಟ್ಟಿ ಮಾಡಿಕೊಂಡು ಬರಬೇಕು. ರವಿವಾರ ಹನ್ನೊಂದಕ್ಕೆ ಬನ್ನಿ, ಊಟಕ್ಕೆ ಇಲ್ಲಿಯೇ ಇರಿ ಎಂದು ಧರ್ಮಣ್ಣನವರು ಹೇಳಿಕಳಿಸಿದ್ದರು.

ಈರಬಸಪ್ಪನವರು ಪಟ್ಟಿ ಬರೆದರು. ಬಿಬವೇವಾಡಿ ಒಂಬತ್ತು ನಲವತ್ತು. ಸ್ವಾರಗೇಟ ಒಂಬತ್ತು ಐವತ್ತು. ಶಿವಾಜಿನಗರ, ಖಡಕಿ, ಪಿಂಪರಿ, ನಿಗಡಿ ಹತ್ತು ಐವತ್ತು. ಕಾರು ನಿಲ್ಲಿಸಿ ಧೋತರದ ನೆರಿಗೆ ಸರಿಪಡಿಸಿಕೊಳ್ಳಲು ಹತ್ತು ನಿಮಿಷ. ಒಟ್ಟು ಇಪ್ಪತ್ತೊಂದು ಕಿಲೋಮೀಟರ್, ಎರಡು ಲೀಟರ್ ಪೆಟ್ರೋಲ್, ಒಂದು ಪಂಕ್ಚರಿನ ಸಂಭಾವ್ಯ ವೆಚ್ಚ. ಒಂದು ಪ್ರತಿ ತಮಗೆ, ಒಂದು ಹೆಂಡತಿಗೆ, ಒಂದು ಫೈಲಿಗೆ.

ಇಷ್ಟಕ್ಕೇ ಮುಗಿದಿದ್ದರೆ ಈ ಕತೆ ಹುಟ್ಟುತ್ತಿರಲಿಲ್ಲ. ಶನಿವಾರ ಸಂಜೆ ಅವರು ಆ ಪಟ್ಟಿಯನ್ನು ಹಿಡಿದುಕೊಂಡು ಸೊಸೈಟಿಯ ಅಂಗಳಕ್ಕೆ ಇಳಿದರು. ಸುಂದರವಾದ ಅಕ್ಷರವನ್ನು ಒಬ್ಬರೇ ನೋಡಿಕೊಂಡರೆ ತೃಪ್ತಿಯೆಲ್ಲಿ?

ಅಂಗಳದ ಕಟ್ಟೆಯ ಮೇಲೆ ಇಬ್ಬರು ಕುಳಿತಿದ್ದರು. ಒಬ್ಬರು ಮೊದಲ ಮಹಡಿಯ ಬಿಂದುಮಾಧವರಾಯರು; ನಿವೃತ್ತಿಯ ನಂತರ ಪಂಚಾಂಗವನ್ನು ದಿನಪತ್ರಿಕೆಯಂತೆ ಓದುವವರು. ಇನ್ನೊಬ್ಬ ಯಾರ್ಡಿನಲ್ಲಿ ಟೆಂಪೋ ಓಡಿಸುವ ಸಿದ್ದಾರೂಢ. ಯಾವ ಊರಿಗೂ ನೆಟ್ಟಗಿನ ದಾರಿಯಲ್ಲಿ ಹೋಗುವುದು ತನ್ನ ವೃತ್ತಿಗೆ ಅವಮಾನವೆಂದು ತಿಳಿದವನು.

ರಾಯರು ಪಟ್ಟಿಯನ್ನು ದೂರ ಹಿಡಿದು ಓದಿದರು. "ಅಕ್ಷರ ಛಲೋ ಅವ. ನಾಳೆ ಯಾವ ವಾರರಿ, ಈರಬಸಪ್ಪನವರ?"

"ಐತವಾರ."

"ನಿಗಡಿ ಯಾವ ದಿಕ್ಕಿಗದ?"

"ಪಶ್ಚಿಮಕ್ಕರಿ. ಸ್ವಲ್ಪ ಉತ್ತರಕ್ಕ."

ರಾಯರು ಪಟ್ಟಿಯನ್ನು ಮಡಚಿದರು. "ಐತವಾರ ಪಶ್ಚಿಮಕ್ಕ ಶೂಲ ಇರ್ತದ. ಆ ದಿಕ್ಕಿಗೆ ಅವತ್ತು ಹೊರಡೋ ಹಂಗಿಲ್ಲ. ಲಾರಿ ಹೊಂಟಿದ್ರ ನಾ ಏನೂ ಅಂತಿದ್ದಿಲ್ಲ. ಇದು ಕೂಸಿನ ಬಾಳೇದ ಪ್ರಶ್ನಾ."

ಮೇಲಿನ ಗ್ಯಾಲರಿಯಿಂದ ಬಸವಣ್ಣೆವ್ವ ಬಗ್ಗಿದರು. "ದಿನಾ ಸಾವಿರ ಮಂದಿ ಬಸ್ಸಿನ್ಯಾಗ ಪಿಂಪರಿಗೆ ಹೋಗ್ತಾರಲ್ರೀ ರಾಯರ. ಅವರಿಗೇನಾಗೇದ?"

"ಅವರು ನೌಕರಿಗೆ ಹೋಗ್ತಾರವ್ವಾ. ಅವರಿಗೆ ಶೂಲ ಮದಲ ಹತ್ತೇದ."

ಈರಬಸಪ್ಪನವರ ಮುಖ ಇಳಿಯಿತು. ದಿನ ಬದಲಿಸೋಣವೆಂದರೆ ಬೀಗರಾಗುವವರ ಮುಂದೆ ಮೊದಲ ಮಾತೇ ತಪ್ಪಿದಂತಾಗುತ್ತದೆ. ಉಪಾಯವಿಲ್ಲವೇ ಎಂದು ಅಂಗಲಾಚಿದರು. ರಾಯರ ಬಳಿ ಉಪಾಯವಿತ್ತು. ಅಪಾಯವನ್ನು ಹೇಳುವವರು ಉಪಾಯವನ್ನು ಕಿಸೆಯಲ್ಲಿಟ್ಟುಕೊಂಡೇ ಬಂದಿರುತ್ತಾರೆ.

"ಮನಿ ಬಿಡೋವಾಗ ಪೂರ್ವಕ್ಕ ಹೊಂಡ್ರಿ, ಹಡಪಸರಕ್ಕ. ಅಲ್ಲಿಂದ ಉತ್ತರಕ್ಕ ಹಾದು ಆಳಂದಿ. ದೇವರ ಬಾಗಲದಿಂದ ಹೊಂಟವರಿಗೆ ಶೂಲ ಇಲ್ಲ. ಆಮ್ಯಾಲೆ ದೇಹೂ, ದೇಹೂ ರೋಡ್. ಅಲ್ಲಿಂದ ತಿರುಗಿ ಬಂದ್ರ ನಿಗಡಿ ನಿಮಗ ಪೂರ್ವಕ್ಕ ಬೀಳ್ತದ. ಏನೂ ದೋಷ ಇಲ್ಲ."

ನಿಗಡಿಯನ್ನು ಬಳಸಿಕೊಂಡು ಅದರ ಆಚೆಗೆ ಹೋಗಿ, ಮರಳಿ ಬಂದು, ಹಿಂದಿನಿಂದ ಹಿಡಿಯಬೇಕು. ವಿವೇಕಿಯಾದವನು ಇಲ್ಲಿಗೆ ನಮಸ್ಕರಿಸಿ ಎದ್ದುಬಿಡುತ್ತಿದ್ದ. ಆದರೆ ಹೆಡ್ ಕ್ಲಾರ್ಕರ ಕಣ್ಣುಗಳು ಹೊಳೆದವು. ಇಪ್ಪತ್ತಾರು ವರ್ಷಗಳಲ್ಲಿ ಇಷ್ಟು ಜಟಿಲವಾದ ಮಾರ್ಗಪಟ್ಟಿಯನ್ನು ಬರೆಯುವ ಯೋಗ ಅವರಿಗೆ ಬಂದಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕುಳಿತವರು ಊಟದ ಹೊತ್ತಿಗೆ ಎದ್ದರು. ಮತ್ತೆ ಮೂರು ಪ್ರತಿ, ಈ ಸಲ ನಕ್ಷೆಯ ಸಮೇತ. ಎಪ್ಪತ್ತೆರಡು ಕಿಲೋಮೀಟರ್, ಏಳು ಲೀಟರ್ ಪೆಟ್ರೋಲ್; ಏಳು ಗಂಟೆಗೆ ಹೊರಟರೆ ಹನ್ನೊಂದಕ್ಕೆ ಸರಿಯಾಗಿ ಪ್ರವೇಶ.

"ಆಳಂದಿ ದಾಟಿದ ಮ್ಯಾಲೆ ನಿಮಗ ದಾರಿ ತಿಳಿಯಂಗಿಲ್ರಿ ಕಾಕಾ. ನಾ ಬರ್ತೀನಿ," ಎಂದ ಸಿದ್ದಾರೂಢ.

"ಆಗ ಮೂರು ಮಂದಿ ಆಗ್ತೀರಿ," ಎಂದರು ರಾಯರು. "ಶುಭಕಾರ್ಯಕ್ಕ ಮೂರು ಮಂದಿ ಹೋಗಬಾರದು. ನಾಲ್ಕನೇದವರು ಯಾರರ ಬೇಕು." ಹೀಗೆಂದು, ನಾಳೆಗೆ ತಮ್ಮ ಧೋತರಕ್ಕೆ ಇಸ್ತ್ರಿ ಹಾಕಿಡುವಂತೆ ಮನೆಯ ಕಡೆಗೆ ಕೂಗಿ ಹೇಳಿದರು.

ಮರುದಿನ ಏಳಕ್ಕೆ ಫಿಯಾಟ್ ಪೂರ್ವಾಭಿಮುಖವಾಗಿ ಹೊರಟಿತು. ಈರಬಸಪ್ಪನವರು ಕಾರು ಓಡಿಸುವ ರೀತಿ ಕಡತ ತಿದ್ದುವ ರೀತಿಯೇ ಆಗಿತ್ತು. ಪಟ್ಟಿಯಲ್ಲಿ ಹೆಸರಿದ್ದ ಪ್ರತಿಯೊಂದು ಠಾಣ್ಯದಲ್ಲೂ ಗಾಡಿಯನ್ನು ಬದಿಗೆ ನಿಲ್ಲಿಸಿ, ಪೆನ್ನಿನ ಟೊಪ್ಪಿಗೆ ತೆಗೆದು, ಮುಟ್ಟಿದ ವೇಳೆಯನ್ನು ಬರೆದು, ಕೆಳಗೆ ಗೀಟೆಳೆದು, ಅನಂತರವೇ ಮುಂದಿನ ಗೇರು. ವೇಳೆ ಬರೆಯುವುದಕ್ಕೆ ಹಿಡಿಯುವ ವೇಳೆಯನ್ನು ಪಟ್ಟಿಯಲ್ಲಿ ಸೇರಿಸಿರಲಿಲ್ಲವಾದ್ದರಿಂದ ಆಳಂದಿಯಲ್ಲೇ ನಲವತ್ತು ನಿಮಿಷ ತಡವಾಯಿತು. ದೇವರ ಬಾಗಿಲಿನಿಂದ ಹೊರಡಬೇಕಾದರೆ ಮೊದಲು ಬಾಗಿಲನ್ನು ಮುಟ್ಟಬೇಕಷ್ಟೆ. ರವಿವಾರದ ಭಕ್ತರ ಸಾಲು ನದಿಯವರೆಗೆ ನಿಂತಿತ್ತು.

ಹತ್ತೂ ಕಾಲಿಗೆ ಹೊರಬಿದ್ದರು. "ಹೆದರಬ್ಯಾಡ್ರಿ," ಎಂದ ಸಿದ್ದಾರೂಢ. "ಇಲ್ಲೇ ಎಡಕ್ಕ ಹೊಳ್ಳಸ್ರಿ. ಅರ್ಧಾ ತಾಸು ಉಳಿತದ."

ಎಡಕ್ಕೆ ಹೊರಳಿದ ರಸ್ತೆ ಮೊದಲು ಡಾಂಬರನ್ನು ಬಿಟ್ಟಿತು, ಆಮೇಲೆ ಖಡಿಯನ್ನು ಬಿಟ್ಟಿತು, ಕೊನೆಗೆ ಒಂದು ಇಟ್ಟಂಗಿ ಭಟ್ಟಿಯ ಹಿಂದೆ ತನ್ನನ್ನೇ ಬಿಟ್ಟುಕೊಟ್ಟಿತು. ಮುಂದೆ ಇಂದ್ರಾಯಣಿ ನದಿ ತಣ್ಣಗೆ ಹರಿಯುತ್ತಿತ್ತು.

ಸಿದ್ದಾರೂಢ ನದಿಯನ್ನು ಅನುಮಾನದಿಂದ ನೋಡಿದ. "ನಾ ಬಂದಾಗ ಇಲ್ಲೇ ದಾರಿ ಇತ್ತು."

"ಯಾವ ತಿಂಗಳದಾಗ ಬಂದಿದ್ದಿ, ತಮ್ಮಾ?" ಎಂದು ಬಸವಣ್ಣೆವ್ವ ಕೇಳಿದರು.

"ಮೇ."

ಬಸವಣ್ಣೆವ್ವ ಬಾಗಿಲು ತೆರೆದು ಕಾರಿನಿಂದ ಇಳಿದರು. ಹಿಂದೆ ಸರಿಯುವುದು ಈರಬಸಪ್ಪನವರು ಇನ್ನೂ ಕಲಿಯದ ಪಾಠವಾದ್ದರಿಂದ, ಭಟ್ಟಿಯ ನಾಲ್ಕು ಜನ ಆಳುಗಳು ಫಿಯಾಟನ್ನು ಮದುಮಗನ ಕುದುರೆಯಂತೆ ತಿರುಗಿಸಿ ನಿಲ್ಲಿಸಿಕೊಟ್ಟರು.

ದೇಹೂ ರೋಡ್ ಮುಟ್ಟಿದಾಗ ಹನ್ನೆರಡೂ ಐದು. ನಿಗಡಿ ಇನ್ನು ಹತ್ತು ನಿಮಿಷದ ದಾರಿ. ಆಗ ರಾಯರು ಹಿಂದಿನ ಸೀಟಿನಿಂದ ಕೈ ಚಾಚಿ ಈರಬಸಪ್ಪನವರ ಭುಜ ಮುಟ್ಟಿದರು.

"ನಿಂದರಸ್ರಿ. ಹನ್ನೆರಡರಿಂದ ದೀಡರ ತನಕ ಯಮಗಂಡ ಕಾಲ. ಇಷ್ಟೆಲ್ಲಾ ಮಾಡಿ, ಅದರಾಗ ಅವರ ಹೊಸ್ತಲಾ ತುಳಿಯೋದು ಬ್ಯಾಡ."

"ಅಲ್ಲೆ ಅವರು ಎಲಿ ಹಾಕಿಕೊಂಡು ಕುಂತಿರತಾರ," ಎಂದರು ಬಸವಣ್ಣೆವ್ವ.

"ಎಲಿ ಬಾಡಿದ್ರ ಇನ್ನೊಂದು ಸಿಗ್ತದವ್ವಾ."

ಉದ್ದನೆಯ ಗೋಡೆಯೊಂದರ ಪಕ್ಕದ ಮರದ ನೆರಳಿನಲ್ಲಿ ಕಾರು ನಿಂತಿತು. ಅದು ಮಿಲಿಟರಿಯವರ ಗೋಡೆ. ಹತ್ತು ನಿಮಿಷವಾಗುವಷ್ಟರಲ್ಲಿ ಬಂದೂಕು ಹಿಡಿದ ಕಾವಲಿನ ಜವಾನನೊಬ್ಬ ಕಿಟಕಿಗೆ ಬಗ್ಗಿ, ಇಲ್ಲೇನು ಮಾಡುತ್ತಿದ್ದೀರೆಂದು ಹಿಂದಿಯಲ್ಲಿ ಕೇಳಿದ.

ಈರಬಸಪ್ಪನವರು ಸತ್ಯವಂತರು. "ಡೇಢ ಬಜನೇ ಕೀ ರಾಹ ದೇಖ ರಹೇ ಹೈಂ," ಎಂದು, ಒಂದೂವರೆ ಆಗುವುದನ್ನೇ ಕಾಯುತ್ತಿದ್ದೇವೆಂದು ತಿಳಿಸಿದರು.

"ಡೇಢ ಬಜೇ ಕ್ಯಾ ಹೋಗಾ?"

ಒಂದೂವರೆಗೆ ಏನಾಗುತ್ತದೆಂಬುದನ್ನು ಹಿಂದಿಯಲ್ಲಿ ವಿವರಿಸುವ ಶಕ್ತಿ ಆ ಕಾರಿನಲ್ಲಿ ಯಾರಿಗೂ ಇರಲಿಲ್ಲ. ಜವಾನನ ಕಣ್ಣು ಈರಬಸಪ್ಪನವರ ತೊಡೆಯ ಮೇಲಿದ್ದ ಕಾಗದದ ಮೇಲೆ ಬಿದ್ದಿತು. ತನಗೆ ಗೊತ್ತಿಲ್ಲದ ಲಿಪಿ. ಊರಿನ ಸುತ್ತ ಬಳಸಿಬರುವ ದಾರಿಯ ನಕ್ಷೆ. ಪ್ರತಿ ಠಾಣ್ಯದ ಮುಂದೆ ಗಂಟೆ, ನಿಮಿಷ, ದೂರ. ಅದೂ ಮೂರು ಪ್ರತಿಗಳಲ್ಲಿ. ಅವನು ಬಹಳ ವಿನಯದಿಂದ ನಾಲ್ವರನ್ನೂ ಗೇಟಿನ ಬಳಿಯ ಕೋಣೆಗೆ ಕರೆದೊಯ್ದು ಬೆಂಚಿನ ಮೇಲೆ ಕೂಡಿಸಿದ. ಕನ್ನಡ ಬಲ್ಲ ಹವಾಲ್ದಾರರೊಬ್ಬರು ಊಟಕ್ಕೆ ಹೋಗಿದ್ದರು. ಅವರು ಬರುವತನಕ ಯಾರೂ ಏಳುವಂತಿರಲಿಲ್ಲ.

ಬೆಳಗಾವಿ ಕಡೆಯ ಆ ಹವಾಲ್ದಾರರು ಎರಡೂವರೆಗೆ ಬಂದರು. ಪಟ್ಟಿಯನ್ನು ಒಮ್ಮೆ ಓದಿದರು, ನಿಧಾನವಾಗಿ ಮತ್ತೊಮ್ಮೆ ಓದಿದರು. "ಅಣ್ಣಾರ, ಬಿಬವೇವಾಡಿಯಿಂದ ನಿಗಡಿಗೆ ಹೋಗಾಕ ಇಲ್ಲಿಗ್ಯಾಕ ಬಂದ್ರಿ?"

ರಾಯರು ಪಂಚಾಂಗವನ್ನು ಅಂಗಿಯೊಳಗೆ ಸೇರಿಸಿ ಛಾವಣಿಯನ್ನು ನೋಡತೊಡಗಿದರು. "ನಾ ಬರೇ ದಾರಿ ತೋರಿಸಾಕ ಬಂದಾಂವರಿ," ಎಂದ ಸಿದ್ದಾರೂಢ. ಈರಬಸಪ್ಪನವರೇ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು. ಹವಾಲ್ದಾರರು ಅದನ್ನು ಹಿಂದಿಗೆ ತಿರುಗಿಸಿ ಜವಾನನಿಗೆ ತಿಳಿಸಿದರು. ಅಲ್ಲಿಯತನಕ ಅನುಮಾನದಿಂದ ನೋಡುತ್ತಿದ್ದ ಜವಾನ ಈಗ ಕನಿಕರದಿಂದ ನೋಡಿದ. ಅನುಮಾನವೇ ಮೇಲಾಗಿತ್ತೆಂದು ಈರಬಸಪ್ಪನವರಿಗೆ ಅನಿಸಿತು.

ನಿಗಡಿಯವರೆಗಿನ ಹತ್ತು ನಿಮಿಷದಲ್ಲಿ ಅವರು ಇನ್ನೊಂದು ಯೋಜನೆ ಸಿದ್ಧಪಡಿಸಿದರು. "ಬೀಗರ ಮುಂದ ಶೂಲದ ಮಾತು ಎತ್ತಬ್ಯಾಡ್ರಿ. ಮಿಲಿಟರಿ ಮಾತಂತೂ ಸಾಯೂತನಾ ಬ್ಯಾಡ. ಗೇಟಿನ್ಯಾಗ ಕುಂದ್ರಿಸಿಕೊಂಡಿದ್ರು ಅಂದ್ರ ಯಾರು ನಮ್ಮ ಮಗಳನ್ನ ತರತಾರ? ಟ್ರಾಫಿಕ್ಕು. ಎಲ್ಲಾರೂ ಒಂದ ಮಾತು. ಟ್ರಾಫಿಕ್ಕು."

ಧರ್ಮಣ್ಣನವರ ಮನೆಯಲ್ಲಿ ಅನ್ನ ಆರಿತ್ತು. ಅವರ ಹೆಂಡತಿ ತಿಪ್ಪವ್ವನವರ ಮುಖವೂ ಹಾಗೆಯೇ ಇತ್ತು. ಹುಡುಗ ಕಿಶೋರ ಮಾತ್ರ ಹೊಸ ಅಂಗಿಯಲ್ಲಿ ಬೆವರುತ್ತ ಬಾಗಿಲಲ್ಲಿ ನಿಂತಿದ್ದ.

"ಎಷ್ಟಕ್ಕ ಬಿಟ್ಟಿದ್ರಿ ಮನಿ?" ಎಂದು ಧರ್ಮಣ್ಣನವರು ಕೇಳಿದರು.

"ಏಳಕ್ಕರಿ." ಇದೊಂದು ಸತ್ಯವಾಗಿತ್ತು.

"ಏಳಕ್ಕ ಬಿಟ್ಟು ಮೂರಕ್ಕ ಮುಟ್ಟಿದ್ರಿ?"

"ಟ್ರಾಫಿಕ್ಕರಿ," ಎಂದರು ನಾಲ್ವರೂ ಒಂದೇ ಕೊರಳಿನಲ್ಲಿ.

ಧರ್ಮಣ್ಣನವರು ಹುಬ್ಬೇರಿಸಿದರು. "ದಿನಾ ಹಿಂಗ ಇರ್ತದೇನು? ಇಲ್ಲಾ ಇವತ್ತೇ ಆತೋ?"

ಇಂದು ಮಾತ್ರ ಎಂದರೆ ತಮ್ಮ ಯೋಜನೆಯಲ್ಲಿ ದೋಷವಿತ್ತೆಂದು ಒಪ್ಪಿಕೊಂಡಂತೆ. ಇಪ್ಪತ್ತಾರು ವರ್ಷದ ಹೆಡ್ ಕ್ಲಾರ್ಕರ ನಾಲಿಗೆ ಅದಕ್ಕೆ ಹೊರಳಲಿಲ್ಲ. "ದಿನಾ ಹಿಂಗರಿ. ಇವತ್ತು ಐತವಾರ ಅಂತ ಸ್ವಲ್ಪ ಹಗೂರಿತ್ತು. ಹಬ್ಬದಾಗಂತೂ ಕೇಳಬ್ಯಾಡ್ರಿ, ಮುಂಜಾನೆ ಬಿಟ್ಟವರು ರಾತ್ರಿಗೂ ಮುಟ್ಟಂಗಿಲ್ಲ."

ಕಿಶೋರ ತಲೆ ಎತ್ತಿ ಭಾವೀ ಮಾವನನ್ನು ಬೆರಗಿನಿಂದ ನೋಡಿದ. ಅನಂತರ ಫ್ಯಾನಿನ ಕಡೆಗೆ ದೃಷ್ಟಿ ತಿರುಗಿಸಿದ. ಮದುವೆಯಾಗಬೇಕೆಂದಿರುವ ಹುಡುಗ ಭೂಗೋಳದ ವಿಷಯದಲ್ಲಿ ವಾದಿಸುವುದಿಲ್ಲ.

ಧರ್ಮಣ್ಣನವರು ಹೆಂಡತಿಯ ಮುಖ ನೋಡಿದರು. ಇಬ್ಬರೂ ಎದ್ದು ಒಳಗೆ ಹೋದರು. ಮುಗಿಯಿತು ಎಂದು ಈರಬಸಪ್ಪನವರು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದಾಗ ತಿಪ್ಪವ್ವನವರು ಬೆಳ್ಳಿಯ ಬಟ್ಟಲಲ್ಲಿ ಸಕ್ಕರೆ ಹಿಡಿದು ನಿಂತಿದ್ದರು. ಮುಖ ಬೆಳದಿಂಗಳಾಗಿತ್ತು.

"ಬಾಯಿ ಸಿಹಿ ಮಾಡ್ಕೋರಿ, ಬೀಗರ," ಎಂದರು ಧರ್ಮಣ್ಣನವರು. "ಖರೇ ಹೇಳಬೇಕಂದ್ರ, ಇವತ್ತು ನಿಮಗ ಊಟಾ ಹಾಕಿ ಇಲ್ಲ ಅನ್ನಬೇಕಂತ ಮಾಡಿದ್ವಿ. ನಮ್ಮ ಹಿರೀ ಸೊಸೀ ತವರು ಇಲ್ಲೇ ಚಿಂಚವಾಡ. ವಾರದಾಗ ನಾಲ್ಕು ದಿನಾ ಅವರವ್ವ ನಮ್ಮ ಅಡಿಗಿಮನ್ಯಾಗ ಇರತಾಳ. ಉಳಿದ ಮೂರು ದಿನಾ ಸೊಸಿ ಅವರ ಮನ್ಯಾಗ. ಇವತ್ತೂ ಗಂಡನ್ನ ಕರಕೊಂಡು ಅಲ್ಲೇ ಹೋಗ್ಯಾಳ. ಇನ್ನೊಮ್ಮೆ ಪುಣೇದ ಹುಡುಗಿ ಬ್ಯಾಡ ಅಂತ ನಮ್ಮನಿಯಾಕಿ ಹಟಾ ಹಿಡಿದಿದ್ಳು. ನೀವು ಇಷ್ಟು ದೂರದವರು ಅಂತ ನಮಗ ಗೊತ್ತಿದ್ದಿಲ್ಲ."

ತಿಪ್ಪವ್ವನವರು ಬಸವಣ್ಣೆವ್ವನ ಕೈ ಹಿಡಿದುಕೊಂಡರು. "ವರ್ಷಕ್ಕ ಎರಡು ಸರ್ತಿ ಕಳಸ್ತೀವಿ, ಅಕ್ಕಾರ. ಪಂಚಮಿಗೊಮ್ಮೆ, ದೀಪಾವಳಿಗೊಮ್ಮೆ. ನೀವೂ ಇಷ್ಟು ತ್ರಾಸ ಪಟಕೊಂಡು ಬರಬ್ಯಾಡ್ರಿ. ಇವತ್ತಿಂದು ನೋಡೇ ನನ್ನ ಜೀವಾ ಕರಗಿ ಹೋತು."

ಈರಬಸಪ್ಪನವರು ಬಾಯಿ ತೆರೆದರು. ಆ ಸಂದರ್ಭವನ್ನು ಕಾಯುತ್ತಿದ್ದ ಧರ್ಮಣ್ಣನವರು ಅದರಲ್ಲಿ ಸಕ್ಕರೆ ಹಾಕಿದರು. ಬಸವಣ್ಣೆವ್ವ ಗಂಡನನ್ನು ನೋಡಿದ ನೋಟದ ಮುಂದೆ ಆ ಜವಾನನ ಬಂದೂಕು ಏನೂ ಅಲ್ಲವಾಗಿತ್ತು.

ಐದಕ್ಕೆ ಬೀಳ್ಕೊಡುವಾಗ ಧರ್ಮಣ್ಣನವರು ಕಾರಿನ ತನಕ ಬಂದರು. "ಮನಿ ಮುಟ್ಟಿದ ಕೂಡಲೇ ಫೋನ್ ಮಾಡ್ರಿ. ಎಷ್ಟೊತ್ತಾದರೂ ಚಿಂತಿಲ್ಲ. ನಾವು ಎಚ್ಚರ ಇರ್ತೀವಿ."

ರಾಹುಕಾಲ ಆಗಲೇ ಆರಂಭವಾಗಿ ಅರ್ಧ ಗಂಟೆಯಾಗಿತ್ತು. ಆದರೆ ರಾಯರಿಗೆ ಮನೆಯ ಚಹಾದ ನೆನಪಾಗಿದ್ದರಿಂದ ಆ ವಿಷಯವನ್ನು ಅವರು ಯಾರಿಗೂ ತಿಳಿಸಲಿಲ್ಲ. ಸಿದ್ದಾರೂಢ ನಿದ್ದೆ ಹೋಗಿದ್ದ. ಪಟ್ಟಿ ಹವಾಲ್ದಾರರ ಬಳಿಯೇ ಉಳಿದಿತ್ತು. ಹೇಳುವವರೂ ಬರೆಯುವವರೂ ಇಲ್ಲದ ಕಾರು, ಪಿಂಪರಿ, ಖಡಕಿ, ಶಿವಾಜಿನಗರಗಳನ್ನು ನೆಟ್ಟಗೆ ದಾಟಿ, ಐದೂ ಐವತ್ತಕ್ಕೆ ಬಿಬವೇವಾಡಿಯ ಅಂಗಳದಲ್ಲಿ ನಿಂತಿತು.

ಸ್ನೇಹಲ್ ಬಾಗಿಲಲ್ಲೇ ಕಾದಿದ್ದಳು. "ಅಪ್ಪಾ, ಏನಾತು? ಭಾಳ ದೂರ ಅದ ಏನು?"

ಈರಬಸಪ್ಪನವರು ಕೊಟ್ಟ ಮಾತನ್ನಾದರೂ ಉಳಿಸಿಕೊಳ್ಳೋಣವೆಂದು ಫೋನಿನ ರಿಸೀವರ್ ಎತ್ತಿದರು. ಬಸವಣ್ಣೆವ್ವ ಬಂದು ಅದನ್ನು ಅವರ ಕೈಯಿಂದ ತೆಗೆದು ಮೆಲ್ಲಗೆ ಸ್ವಸ್ಥಾನದಲ್ಲಿಟ್ಟರು.

"ಸುಮ್ಮ ಕುಂದರ್ರಿ," ಎಂದರು. "ನಾವಿನ್ನೂ ಖಡಕಿ ದಾಟಿಲ್ಲ."